ಆಲಿಕೆ ಸಭೆಗೆ ಮಳೆಗಾಲವನ್ನೂ ಕರೆದುಕೊಂಡು ಹೋಗಿ

ಕ್ವಾರಿಯ ಆಲಿಕೆ ಸಭೆಗಳಲ್ಲಿ, ಅಂದರೆ ಪರಿಸರ ಅನುಮತಿಗೆ ಮೊದಲು ಊರಿನವರ ಮಾತು ಕೇಳುವ ಸಭೆಗಳಲ್ಲಿ, ಹೆಚ್ಚಾಗಿ ಎರಡೇ ಮಾತು ಕೇಳಿಬರುತ್ತವೆ. "ನಮ್ಮೂರಿಗೆ ಬೇಡವೇ ಬೇಡ" ಎಂಬುದು ಒಂದು, "ಬರಲಿ, ಹುಡುಗರಿಗೆ ಕೆಲಸ ಸಿಗುತ್ತೆ" ಎಂಬುದು ಇನ್ನೊಂದು. ಎರಡನ್ನೂ ಬರೆದುಕೊಳ್ಳುತ್ತಾರೆ, ಎರಡಕ್ಕೂ ತೂಕ ಕಡಿಮೆ. ಅದು ಮತದಾನವಲ್ಲ, ಕೈ ಎತ್ತಿದವರ ಲೆಕ್ಕ ಯಾರೂ ಹಿಡಿಯುವುದಿಲ್ಲ. ಕೋರಂ ಕೂಡ ಬೇಕಿಲ್ಲ, ಹತ್ತು ಜನ ಬಂದರೂ ಸಭೆ ಸಭೆಯೇ. ಯೋಜನೆಯ ಪರಿಸರ ವರದಿಯಲ್ಲಿ ಇಲ್ಲದ ಅಥವಾ ತಪ್ಪಾಗಿ ಇರುವ ಒಂದು ಸಂಗತಿಯನ್ನು ಪುಟದ ಸಂಖ್ಯೆ ಸಮೇತ ದಾಖಲೆಗೆ ಸೇರಿಸಿದರೆ ಮಾತ್ರ ಅದನ್ನು ದಾಟಿ ಹೋಗುವುದು ಮುಂದೆ ಅನುಮತಿ ತೀರ್ಮಾನಿಸುವವರಿಗೆ ಕಷ್ಟ. ಮಲೆನಾಡಿನಲ್ಲಿ ಆ ಸಂಗತಿ ಬಹುಪಾಲು ಮಳೆಯೇ ಆಗಿರುತ್ತದೆ.

ಕಾರಣ ನಿಯಮದಲ್ಲೇ ಇದೆ. ಗಣಿ ಯೋಜನೆಯ ಪರಿಸರ ಪರಿಣಾಮ ವರದಿಗೆ, ಅಂದರೆ ಎಲ್ಲರೂ ಇಐಎ ಎನ್ನುವುದಕ್ಕೆ, ಗಾಳಿ, ನೀರು, ಶಬ್ದ, ಮಣ್ಣಿನ ಅಳತೆಯನ್ನು ಒಂದು ಋತುವಿನಲ್ಲಿ ತೆಗೆದರೆ ಸಾಕು. ಆ ಋತು ಮಳೆಗಾಲ ಆಗಿರಬಾರದು. ಧೂಳಿನ ಮಟ್ಟಿಗೆ ಇದು ನ್ಯಾಯವೇ, ಮಳೆಯಲ್ಲಿ ಅಳೆದರೆ ಗಾಳಿ ಎಲ್ಲಿಯದಾದರೂ ಶುದ್ಧವಾಗಿಯೇ ಕಾಣುತ್ತದೆ. ನೀರಿನ ಮಟ್ಟಿಗೆ ಇದು ಬಯಲುಸೀಮೆಗೆ ಹೊಂದೀತು, ಹೊಸನಗರಕ್ಕೋ ತೀರ್ಥಹಳ್ಳಿಗೋ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಬಂದವರಿಗೆ ಕಾಣುವುದು ಒಣಗಿದ ಹಳ್ಳ. ಜುಲೈಯಲ್ಲಿ ಅದೇ ಹಳ್ಳ ಕಾಲುಸಂಕ ಮುಳುಗಿಸಿ ಹರಿದದ್ದು ವರದಿ ಬರೆದವರಿಗೆ ಗೊತ್ತಿರುವುದಿಲ್ಲ, ಊರಿನವರಿಗೆ ಮಾತ್ರ ಗೊತ್ತು.

ಎಲ್ಲ ಕ್ವಾರಿಗೂ ಆಲಿಕೆ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ, ಕಲ್ಲು, ಜಂಬಿಟ್ಟಿಗೆ, ಮರಳಿನಂಥ ಉಪಖನಿಜದ ಗುತ್ತಿಗೆ 5 ಹೆಕ್ಟೇರ್ ಒಳಗಿದ್ದು ಒಂಟಿಯಾಗಿದ್ದರೆ ಇಐಎಯೂ ಇಲ್ಲ, ಆಲಿಕೆಯೂ ಇಲ್ಲ. 5 ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ 12 ಎಕರೆ 14 ಗುಂಟೆ. ಹಾಗಾಗಿ 12 ಎಕರೆಯ ಅರ್ಜಿಗಳೇ ಒಂದರ ಪಕ್ಕ ಒಂದು ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಇದಕ್ಕೆ ಮದ್ದು 'ಕ್ಲಸ್ಟರ್' ನಿಯಮ. ಒಂದೇ ಬಗೆಯ ಖನಿಜದ ಗುತ್ತಿಗೆಗಳ ಅಂಚಿನಿಂದ ಅಂಚಿಗೆ 500 ಮೀಟರಿಗಿಂತ ಕಡಿಮೆ ಅಂತರವಿದ್ದರೆ ಅವನ್ನು ಒಟ್ಟುಗೂಡಿಸಬೇಕು. ಮೊತ್ತ 5 ಹೆಕ್ಟೇರ್ ದಾಟಿದರೆ ಆಲಿಕೆ ಬೇಕಾಗುತ್ತದೆ. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ನಿಂತ ಗುತ್ತಿಗೆ ಮತ್ತು 2016ರ ಜನವರಿ 15ಕ್ಕೇ ಪರಿಸರ ಅನುಮತಿ ಇದ್ದ ಗುತ್ತಿಗೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಕ್ಕಪಕ್ಕದ ಕ್ವಾರಿಯನ್ನು ಬಿಟ್ಟಿದ್ದಾರೆ ಅನ್ನಿಸಿದರೆ ಯಾವ ಕಾರಣ ಕೊಟ್ಟು ಬಿಟ್ಟಿದ್ದಾರೆ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. "ನಿಂತು ಮೂರು ವರ್ಷವಾಯಿತು" ಎಂದ ಕ್ವಾರಿಯಲ್ಲಿ ಕಳೆದ ವರ್ಷ ಜಲ್ಲಿ ಹೋಗಿದ್ದಕ್ಕೆ ಪರ್ಮಿಟ್ ಸಿಕ್ಕರೆ ಅಲ್ಲಿಗೆ ಆ ವಾದ ಮುಗಿಯಿತು.

ಆಲಿಕೆ ಇದೆ ಎಂದಾದ ಮೇಲೆ ಕೈಯಲ್ಲಿರುವುದು 30 ದಿನ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ. ಅಷ್ಟರೊಳಗೆ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಆ ಭಾಗದ ಸ್ಥಳೀಯ ಸಂಸ್ಥೆಯಲ್ಲಿ ಓದಲು ಸಿಗಬೇಕು. ಜೊತೆಗೆ ಕನ್ನಡದಲ್ಲಿ ಸಾರಾಂಶವೂ ಇರಬೇಕು. ಸಾರಾಂಶವನ್ನು ಮಾತ್ರ ಓದಿ ಸಭೆಗೆ ಹೋದವರು ಸೋತಂತೆಯೇ, ಜಗಳಕ್ಕೆ ಬೇಕಾದದ್ದೆಲ್ಲ ಇಂಗ್ಲಿಷ್ ವರದಿಯ ಕೋಷ್ಟಕಗಳಲ್ಲಿ ಮತ್ತು ಅನುಬಂಧಗಳಲ್ಲಿ ಇರುತ್ತದೆ. ಊರಿನ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಒಬ್ಬರಿಗೊಂದು ಅಧ್ಯಾಯ ಹಂಚಿ. ಪಂಚಾಯಿತಿಯಲ್ಲಿ "ಪ್ರತಿ ಬಂದಿಲ್ಲ" ಎಂದರೆ ವಾದಕ್ಕೆ ಇಳಿಯಬೇಡಿ. "ಇಂಥ ದಿನ ಬಂದು ಕೇಳಿದೆವು, ಪ್ರತಿ ಇರಲಿಲ್ಲ" ಎಂದು ಎರಡು ಸಾಲು ಬರೆದು ಟಪಾಲಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ. ಮುಂದೆ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ ಈ ಎರಡು ಸಾಲು ಉದ್ದನೆಯ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ವರದಿ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದದ್ದು ಗಡಿ ಕಂಬಗಳ ಅಕ್ಷಾಂಶ, ರೇಖಾಂಶ. ಅವನ್ನು ಮೊಬೈಲಿನ ನಕ್ಷೆಯಲ್ಲಿ ಹಾಕಿ, ಅಲ್ಲಿಂದ ಹತ್ತಿರದ ಮನೆ, ಶಾಲೆ, ಕೆರೆ, ಅಬ್ಬಿ ನೀರು ಹಿಡಿದ ಜಾಗ ಎಷ್ಟು ದೂರ ಎಂದು ಅಳೆಯಿರಿ. ವರದಿ ಹೇಳುವ ದೂರ ಮತ್ತು ನೀವು ಅಳೆದ ದೂರ ಎರಡನ್ನೂ ಬರೆದಿಡಿ. ಗುಡ್ಡದ ನೆತ್ತಿಯಿಂದ ಪೈಪಿನಲ್ಲಿ ನೀರು ತರುವ ಮನೆಗಳು ಸಾಗರ, ಹೊಸನಗರದ ಕಡೆ ಎಷ್ಟೋ ಇವೆ. ವರದಿಗಳಲ್ಲಿ ಬಾವಿ ಮತ್ತು ಕೊಳವೆಬಾವಿಯ ಪಟ್ಟಿ ಸಿಗುತ್ತದೆ, ಒರತೆಯ ಪಟ್ಟಿ ಸಿಗುವುದು ಅಪರೂಪ. ಪ್ರತಿ ಒರತೆಗೂ ಸರ್ವೆ ನಂಬರ್, ಅದನ್ನು ನೆಚ್ಚಿದ ಮನೆಗಳ ಸಂಖ್ಯೆ, ಯಾವ ತಿಂಗಳವರೆಗೆ ಹರಿಯುತ್ತದೆ ಎಂಬುದನ್ನು ಸೇರಿಸಿ ಒಂದು ಪಟ್ಟಿ ನೀವೇ ಮಾಡಿ. ಈ ಒಂದು ಹಾಳೆಗಾಗಿ ಎರಡು ಭಾನುವಾರ ಕಳೆದರೂ ನಷ್ಟವಿಲ್ಲ.

ಆಮೇಲೆ ಮಳೆಯ ಕೋಷ್ಟಕ. ಯಾವ ಊರಿನ ಮಳೆಮಾಪಕದ ಅಂಕಿ ಹಾಕಿದ್ದಾರೆ ನೋಡಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಘಟ್ಟದ ಅಂಚಿನ ಕ್ವಾರಿಗೆ ಪೇಟೆಯ ಅಂಕಿ ಹಾಕಿದರೆ ಚರಂಡಿಯಿಂದ ಹಿಡಿದು ಹೂಳು ಕೊಳದವರೆಗೆ (ಹರಿದುಬಂದ ನೀರನ್ನು ನಿಲ್ಲಿಸಿ ಹೂಳು ತಳಕ್ಕೆ ಕೂರಿಸುವ ಕೊಳ) ಎಲ್ಲದರ ಅಳತೆಯೂ ತಪ್ಪುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಿಮ್ಮ ಪಂಚಾಯಿತಿಯ ದಿನದ ಮಳೆಯ ಅಂಕಿ ಕೇಳಿ ತರಿಸಿ, ಅತಿ ಹೆಚ್ಚು ಮಳೆ ಬಿದ್ದ ಐದು ದಿನಗಳನ್ನು ಗುರುತಿಸಿ. ಕ್ಯಾಲೆಂಡರಿನ ಮೇಲೆ ಮಳೆ ಬರೆದಿಡುವ ತೋಟದ ಮನೆಗಳೂ ಇವೆ. ಅದು ಪೂರಕ ಸಾಕ್ಷ್ಯ, ಬಿಡಬೇಡಿ.

ಈಗ ಲೆಕ್ಕ. 8 ಹೆಕ್ಟೇರಿನ ಕ್ವಾರಿ ಎಂದುಕೊಳ್ಳಿ. ಅಂದರೆ 80,000 ಚದರ ಮೀಟರ್. ಆಷಾಢದ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ, ಘಟ್ಟದ ಅಂಚಿನಲ್ಲಿ ಅದೇನೂ ಸುದ್ದಿಯಾಗುವ ಮಳೆಯಲ್ಲ, ಅಷ್ಟು ಜಾಗದ ಮೇಲೆ ಬೀಳುವ ನೀರು 8,000 ಘನ ಮೀಟರ್. ಲೀಟರಿನಲ್ಲಿ 80 ಲಕ್ಷ. ವರದಿಯಲ್ಲಿ ಹೂಳು ಕೊಳ 20 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳ ಎಂದಿದ್ದರೆ ಅದು ಹಿಡಿಯುವುದು 400 ಘನ ಮೀಟರ್, 4 ಲಕ್ಷ ಲೀಟರ್. ಅರ್ಧ ನೀರು ಇಂಗಿತು ಎಂದು ಉದಾರವಾಗಿ ಬಿಟ್ಟುಕೊಟ್ಟರೂ (ಮೇಲ್ಮಣ್ಣು ಕೆತ್ತಿದ ಬಂಡೆ ಅಷ್ಟು ನೀರು ಕುಡಿಯುವುದಿಲ್ಲ) ಉಳಿದ ನೀರು ಕೊಳದ ಹತ್ತು ಪಟ್ಟು. ಹೂಳು ತಳಕ್ಕೆ ಕೂರಲು ನೀರು ಕೆಲವು ಗಂಟೆಯಾದರೂ ನಿಲ್ಲಬೇಕು. ಇಲ್ಲಿ ನಿಲ್ಲುವ ಮಾತೇ ಇಲ್ಲ, ಕೊಳದ ಒಂದು ಬದಿಯಲ್ಲಿ ನುಗ್ಗಿದ ಕೆನ್ನೀರು ಇನ್ನೊಂದು ಬದಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ಹೋಗುವುದು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಅಡಿಕೆ ತೋಟದ ಬಸಿಗಾಲುವೆಗೆ. ಬಸಿಗಾಲುವೆ ತುಂಬಿದರೆ ಬುಡದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತ ತೋಟದ ಗತಿ ಅಡಿಕೆ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಲೆಕ್ಕವನ್ನು ನಿಮ್ಮ ಯೋಜನೆಯ ಅಂಕಿ ಹಾಕಿ ಅರ್ಧ ಪುಟದಲ್ಲಿ ಬರೆದು, "ಪುಟ ಇಷ್ಟರಲ್ಲಿರುವ ಕೊಳದ ಅಳತೆಗೆ ಯಾವ ದಿನದ ಮಳೆ ಆಧಾರ?" ಎಂದು ಕೇಳಿ. ಉತ್ತರಿಸಬೇಕಾದವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ.

ಇದು ಹೊಸ ಜಗಳವೂ ಅಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ವಿವಾದದಲ್ಲಿ ಮಳೆಗಾಲದಲ್ಲಿ ಭದ್ರೆಗೆ ಸೇರುತ್ತಿದ್ದ ಹೂಳಿನ ಮಾತೇ ದೊಡ್ಡದಾಗಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಟಿಪ್ಪರ್ ಲೆಕ್ಕವನ್ನೂ ಹೀಗೆಯೇ ಬಿಡಿಸಬೇಕು. ವರ್ಷಕ್ಕೆ 1 ಲಕ್ಷ ಟನ್ ಎಂದು ವರದಿ ಹೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 300 ದಿನದ ಕೆಲಸಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 333 ಟನ್. ಟಿಪ್ಪರಿಗೆ 16 ಟನ್ ಹಿಡಿದರೆ 21 ಲೋಡು, ಹೋಗಿ ಬಂದು 42 ಓಡಾಟ. ದಿನಕ್ಕೆ ಹತ್ತು ಗಂಟೆಯ ಕೆಲಸವಾದರೆ ಶಾಲೆಯ ಮುಂದೆ ಹದಿನಾಲ್ಕು ನಿಮಿಷಕ್ಕೊಂದು ಟಿಪ್ಪರ್. ಮಲೆನಾಡಿನಲ್ಲಿ ಮಳೆಯ ನಾಲ್ಕು ತಿಂಗಳು ಕೆಲಸ ಕುಂಟುವುದರಿಂದ 300 ದಿನ ಎಂಬುದೇ ಅನುಮಾನ. 200 ದಿನಕ್ಕೆ ಭಾಗಿಸಿದರೆ ದಿನಕ್ಕೆ 31 ಲೋಡು. ಅದೂ ಬೇಸಿಗೆಯಲ್ಲಿ, ಧೂಳು ಏಳುವ ಹೊತ್ತಿನಲ್ಲೇ, ಅಡಿಕೆ ಹಿಂಗಾರ ಬಿಚ್ಚುವ ಕಾಲದಲ್ಲೇ. ಧೂಳಿನ ಮಿತಿ ಪಿಎಂ10ಕ್ಕೆ, ಅಂದರೆ ಉಸಿರಿನೊಂದಿಗೆ ಒಳಹೋಗುವಷ್ಟು ಸಣ್ಣ ಧೂಳಿಗೆ, 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ವರದಿಯ ಈಗಿನ ಅಳತೆಗೆ ಟಿಪ್ಪರುಗಳ ಧೂಳನ್ನು ಕೂಡಿಸಿದ್ದಾರೋ, ಬರೀ ಗುಂಡಿಯ ಧೂಳನ್ನು ಕೂಡಿಸಿದ್ದಾರೋ ನೋಡಿ. ಪಂಚಾಯಿತಿ ರಸ್ತೆ ಎಷ್ಟು ಟನ್ನಿಗೆ ಕಟ್ಟಿದ್ದು, ಕೆಟ್ಟರೆ ಯಾರು ಕಟ್ಟಿಕೊಡುತ್ತಾರೆ ಎಂಬುದನ್ನೂ ಕೇಳಿ.

ಜಾಗದ ವಿವರಣೆಯಲ್ಲಿ ಒಂದು ಮಾತು ಕಣ್ಣಿಟ್ಟು ಹುಡುಕಬೇಕು: 'ಪಾಳು ಭೂಮಿ', 'ಕುರುಚಲು'. ಸೊಪ್ಪಿನಬೆಟ್ಟ, ಕಾನು, ಗೋಮಾಳ ಮೂರೂ ಹೊರಗಿನವರ ಕಣ್ಣಿಗೆ ಒಂದೇ. ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ ಪಾಳು ಅಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಪಹಣಿ ಲಗತ್ತಿಸಬೇಕು. ಕಾಡಿನ ಜಾಗವಾದರೆ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಯ ಪ್ರಶ್ನೆ ಬೇರೆಯೇ ಏಳುತ್ತದೆ. ಸಾಗರ ತಾಲ್ಲೂಕಿನ ಅಂಬಾರಗುಡ್ಡದಂತೆ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಗುಡ್ಡ ಹತ್ತಿರದಲ್ಲಿದ್ದರೆ ವರದಿಯಲ್ಲಿ ಅದರ ಹೆಸರು ಬಂದಿದೆಯೇ ನೋಡಿ. ಪ್ರಾಣಿ, ಸಸ್ಯಗಳ ಪಟ್ಟಿಯಲ್ಲಿ ಇನ್ಯಾವುದೋ ಜಿಲ್ಲೆಯ ಊರಿನ ಹೆಸರು ಉಳಿದುಕೊಂಡಿರುವುದೂ ಉಂಟು. ನಕ್ಕು ಬಿಡಬೇಡಿ, ಪುಟ ಸಂಖ್ಯೆ ಬರೆದುಕೊಳ್ಳಿ. ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಲು, ಕೊಟ್ಟ ಅನುಮತಿ ರದ್ದು ಮಾಡಲು ಅಧಿಸೂಚನೆಯಲ್ಲೇ ಅವಕಾಶವಿದೆ.

ಸಿಡಿತದ ವಿಷಯಕ್ಕೆ ಶಿವಮೊಗ್ಗದವರಿಗೆ ಉದಾಹರಣೆ ಬೇಕಿಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ರಷರ್ ಬಳಿಯ ಸ್ಫೋಟ ಪಕ್ಕದ ಜಿಲ್ಲೆಯಲ್ಲೂ ಭೂಕಂಪದಂತೆ ಅನುಭವಕ್ಕೆ ಬಂದಿತ್ತು. ಸ್ಫೋಟಕ ಎಲ್ಲಿ ಇಡುತ್ತಾರೆ, ಯಾರ ಲೈಸೆನ್ಸು, ಯಾವ ವಾಹನದಲ್ಲಿ ಯಾವ ದಾರಿಯಲ್ಲಿ ಬರುತ್ತದೆ, ಸಿಡಿಸುವ ಹೊತ್ತು ಯಾವುದು ಎಂಬ ನಾಲ್ಕು ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮಿತಿ ಇದೆ. ಊರಿನ ಮನೆಗಳ ಬಳಿ ಕಂಪನದ ಆವರ್ತನ 8 ಹರ್ಟ್ಜ್‌ಗಿಂತ ಕಡಿಮೆಯಿದ್ದಾಗ ಸೆಕೆಂಡಿಗೆ 5 ಮಿ.ಮೀ. ಮೀರಬಾರದು. ನಮ್ಮಲ್ಲಿ ಮಣ್ಣಿನ ಗೋಡೆಯ ಹಳೆ ಮನೆಗಳೇ ಹೆಚ್ಚಿದ್ದರೆ ಅದನ್ನೂ ಹೇಳಿ. ಕೆಲಸ ಶುರುವಾಗುವ ಮೊದಲು ಗೋಡೆ ಗೋಡೆಯ ಫೋಟೊ ತೆಗೆದಿಡುವ ಷರತ್ತು ಕೇಳಿ, ಇಲ್ಲದಿದ್ದರೆ ಆಮೇಲೆ ಕಂಡ ಪ್ರತಿ ಬಿರುಕಿಗೂ "ಅದು ಮೊದಲೇ ಇತ್ತು" ಎಂಬ ಉತ್ತರ ಬರುತ್ತದೆ.

ಸಭೆಯ ದಿನ ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಮಂಡಳಿಯ ಪ್ರತಿನಿಧಿ ಬರೆದುಕೊಳ್ಳುತ್ತಾರೆ, ಇಡೀ ಸಭೆಯ ವಿಡಿಯೊ ಆಗಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ. ಒಂದೇ ಮಾತನ್ನು ಇಪ್ಪತ್ತು ಜನ ಹೇಳುವುದಕ್ಕಿಂತ ಒರತೆ ಒಬ್ಬರಿಗೆ, ಕೊಳ ಒಬ್ಬರಿಗೆ, ರಸ್ತೆ ಒಬ್ಬರಿಗೆ ಎಂದು ಹಂಚಿಕೊಂಡರೆ ನಡಾವಳಿಯಲ್ಲಿ ಅಷ್ಟೂ ವಿಷಯ ಬೇರೆ ಬೇರೆಯಾಗಿ ಕಾಣುತ್ತವೆ. ಬರೆದದ್ದನ್ನು ಎರಡು ಪ್ರತಿ ತನ್ನಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಸಭೆಗೆ ಬರಲಾಗದವರೂ ಬರಹದಲ್ಲಿ ಕಳಿಸಬಹುದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕೊನೆಯ ಅರ್ಧ ಗಂಟೆಯಲ್ಲಿ. ನಿಯಮದ ಪ್ರಕಾರ ಸಭೆಯ ಸಾರಾಂಶವನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಒಪ್ಪಿದ ನಡಾವಳಿಗೆ ಅಧ್ಯಕ್ಷರು ಅದೇ ದಿನ ಸಹಿ ಹಾಕಬೇಕು. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ, ಕೊನೆಯ ಬಸ್ಸಿನ ಚಿಂತೆ ಇರುತ್ತದೆ, ಅರ್ಧ ಪೆಂಡಾಲು ಖಾಲಿ. ಓದುವಾಗ "ಸಾರ್ವಜನಿಕರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು" ಎಂದಷ್ಟೇ ಬಂದರೆ ಎದ್ದು ನಿಂತು, "ಸರ್ವೆ ನಂಬರ್ ಇಂಥದ್ದರ ಒರತೆ, ಇಷ್ಟು ಮನೆ" ಎಂದು ಸೇರಿಸಲು ಹೇಳಬೇಕು. ಅದಕ್ಕೆ ಕನಿಷ್ಠ ನಾಲ್ಕು ಜನ ಕೊನೆಯವರೆಗೆ ಕೂರಲಿ. ಊಟ ಆಮೇಲೆ.

ಮುಗಿದು 8 ದಿನದೊಳಗೆ ನಡಾವಳಿ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಹೋಗುತ್ತದೆ. ಪಂಚಾಯಿತಿಯಲ್ಲೂ ಅಂಟಿಸಿರಬೇಕು. ಅಂತಿಮ ವರದಿಯಲ್ಲಿ ನಿಮ್ಮ ಪ್ರಶ್ನೆ ಮತ್ತು ಅವರ ಉತ್ತರದ ಕೋಷ್ಟಕ ಇರುತ್ತದೆ, ಪರಿಸರ ಅನುಮತಿ ಅರ್ಜಿಗಳ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬುದು ಉತ್ತರವಲ್ಲ ಎಂದು ಪ್ರಾಧಿಕಾರಕ್ಕೆ ನೇರವಾಗಿ ಬರೆಯಬಹುದು. 2020ರ ಸೆಪ್ಟೆಂಬರ್ 30ರ ಕೇಂದ್ರದ ಸುತ್ತೋಲೆಯ ಪ್ರಕಾರ ಆಲಿಕೆಯಲ್ಲಿ ಎದ್ದ ವಿಷಯಗಳಿಗೆ ಕೊಟ್ಟ ಭರವಸೆ ಪರಿಸರ ನಿರ್ವಹಣಾ ಯೋಜನೆಯ ಭಾಗವಾಗಬೇಕು. ಆದ್ದರಿಂದ ಕೇಳುವಾಗಲೇ ಎಷ್ಟು ಘನ ಮೀಟರ್, ಎಷ್ಟು ರೂಪಾಯಿ, ಯಾವ ತಿಂಗಳೊಳಗೆ ಎಂದು ಕೇಳಿ. ಅನುಮತಿ ಸಿಕ್ಕೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ನಮಗೆ ಚೆನ್ನೈ ಪೀಠ.

ಷರತ್ತು ಪಾಲಿಸಿದ ಬಗ್ಗೆ ಗಣಿಯವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಮಲೆನಾಡಿಗೆ ಜೂನ್ 1 ಒಳ್ಳೆಯ ತಾರೀಖು, ಮುಂಗಾರು ಹೊಸ್ತಿಲಲ್ಲಿರುತ್ತದೆ. "ಹೂಳು ತೆಗೆಯಲಾಗಿದೆ" ಎಂದು ಅದರಲ್ಲಿ ಇದ್ದರೆ ಪಂಚಾಯಿತಿ ಸದಸ್ಯರನ್ನೂ ಮಂಡಳಿಯ ಅಧಿಕಾರಿಯನ್ನೂ ಕರೆಸಿ, ಕೊಳಕ್ಕೊಂದು ಬಿದಿರು ಗಳ ಇಳಿಸಿ ಅಳೆಸಿ. 2 ಮೀಟರ್ ಒದ್ದೆಯಾಗಬೇಕು.