ಬ್ಯಾಂಡ್‌ನಲ್ಲಿ ಒಬ್ಬರು ಬಿಟ್ಟರೆ ಮುಂದೇನು?

"ನಮ್ಮಲ್ಲಿ ಒಬ್ಬರು ಬಿಡ್ತಿದ್ದಾರೆ, ಮುಂದಿನ ತಿಂಗಳು ಶೋ ಇದೆ. ಅವರ ಜಾಗಕ್ಕೆ ಎಂಥವರನ್ನು ಹುಡುಕೋದು?" ಬ್ಯಾಂಡ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ.

ಹುಡುಕುವ ಮೊದಲು, ಖಾಲಿಯಾದದ್ದು ಏನೇನು ಅಂತ ನೋಡಿ. ಎರಡನೇ ಗಿಟಾರಿಸ್ಟ್ ಹೋದರು ಅಂದುಕೊಳ್ಳಿ. ಕೋರಸ್‌ನಲ್ಲಿ ಮೇಲಿನ ದನಿ ಅವರದೇ ಇರಬಹುದು, ಹಾಡು ಮುಗಿಸಲು ಡ್ರಮ್ಮರ್‌ಗೆ ಸನ್ನೆ ಕೊಡುತ್ತಿದ್ದವರೂ ಅವರೇ ಇರಬಹುದು. ಒಂದೊಂದು ಹಾಡಿಗೂ ಅವರು ಮಾಡುತ್ತಿದ್ದ ಕೆಲಸ ಬರೆದುಕೊಳ್ಳಿ. ಇದ್ದವರಲ್ಲೇ ಎಷ್ಟು ಹಂಚಿಹೋಗುತ್ತದೋ ಹಂಚಿ, ಮಿಕ್ಕ ಕೆಲಸಕ್ಕೆ ಮಾತ್ರ ಜನ ನೋಡಿ.

ಇಂಗ್ಲೆಂಡಿನ ರಾಕ್ ಬ್ಯಾಂಡ್ ಜೆನೆಸಿಸ್ ಮಾಡಿದ್ದು ಇದನ್ನೇ. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಬಿಟ್ಟಾಗ ಡ್ರಮ್ಮರ್ ಫಿಲ್ ಕಾಲಿನ್ಸ್ ಅವರೇ ಹಾಡಲು ನಿಂತರು. ಶೋಗಳಲ್ಲಿ ಡ್ರಮ್ಸ್‌ಗೆ ಇನ್ನೊಬ್ಬರನ್ನು ಕರೆದುಕೊಂಡರು. 1977ರಲ್ಲಿ ಗಿಟಾರಿಸ್ಟ್ ಸ್ಟೀವ್ ಹ್ಯಾಕೆಟ್ ಹೋದಮೇಲೆ ರೆಕಾರ್ಡಿಂಗ್‌ನಲ್ಲಿ ಗಿಟಾರ್ ಭಾಗಗಳನ್ನೂ ಬಾಸ್ ನುಡಿಸುವ ಮೈಕ್ ರುದರ್‌ಫರ್ಡ್ ವಹಿಸಿಕೊಂಡರು, ವೇದಿಕೆಗೆ ಮಾತ್ರ ಡ್ಯಾರಿಲ್ ಸ್ಟರ್ಮರ್ ಬಂದರು. ರೆಕಾರ್ಡಿಂಗ್‌ಗೆ ಬೇಕಾಗುವ ಜನ ಬೇರೆ, ವೇದಿಕೆಗೆ ಬೇಕಾಗುವ ಜನ ಬೇರೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಹಿಡಿಯುವುದು ಗಾಯಕರು ಬದಲಾದಾಗ. ಹಳೇ ಶ್ರುತಿಯಲ್ಲೇ ಹಾಡಿಸಬೇಡಿ. ಒಂದು ಗಂಟೆ ಹಾಡಿಸಿ, ಗಂಟಲು ದಣಿದ ಮೇಲೆ ಆರಾಮಾಗಿ ಮುಟ್ಟುವ ಮೇಲಿನ ಸ್ವರ ಯಾವುದು ನೋಡಿ. ಮೊದಲ ಹತ್ತು ನಿಮಿಷದಲ್ಲಿ ಮುಟ್ಟಿದ ಸ್ವರವನ್ನು ನಂಬಿದರೆ ಶೋ ಕೊನೆಗೆ ದನಿ ಒಡೆಯುತ್ತದೆ. ಕೀ (ಹಾಡಿನ ಶ್ರುತಿ) ಬದಲಾದರೆ ಗಿಟಾರ್‌ನ ಖಾಲಿ ತಂತಿಯ (ಬೆರಳು ಒತ್ತದೆ ಮೀಟುವ ತಂತಿಯ) ಮೇಲೆ ನಿಂತ, ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳಾದ ರಿಫ್‌ಗಳು ಕೆಡುತ್ತವೆ. ಉದಾಹರಣೆಗೆ 'ಇ' ಕೀಯ ಹಾಡು. ಎರಡು ಸೆಮಿಟೋನ್ (ಅರ್ಧ ಸ್ವರ) ಇಳಿಸಿ 'ಡಿ'ಗೆ ತರಬೇಕಾದರೆ ಗಿಟಾರ್, ಬಾಸ್ ಎರಡನ್ನೂ ಅಷ್ಟೇ ಇಳಿಸಿ ಟ್ಯೂನ್ ಮಾಡಿದರೆ ಬೆರಳು ಹಳೇ ಜಾಗದಲ್ಲೇ ಇರುತ್ತದೆ. ತಂತಿ ಸಡಿಲವಾಗಿ ಗರಗರ ಅನ್ನುತ್ತದೆ, ಅದಕ್ಕೆ ಒಂದು ಗೇಜ್ (ತಂತಿಯ ಅಳತೆ) ಹೆಚ್ಚು ದಪ್ಪದ ತಂತಿ ಹಾಕಿ. ಅಂಥ ಹಾಡುಗಳನ್ನು ಪಟ್ಟಿಯಲ್ಲಿ ಒಟ್ಟಿಗೆ ಇಟ್ಟರೆ ನಡುನಡುವೆ ಟ್ಯೂನ್ ಮಾಡುತ್ತಾ ನಿಲ್ಲುವುದು ತಪ್ಪುತ್ತದೆ. ಐದು ಸೆಮಿಟೋನ್ ಏರಿಸಿ 'ಎ' ಮಾಡುವುದಾದರೆ ಇನ್ನೂ ಸುಲಭ: ಆರು, ಐದು, ನಾಲ್ಕನೇ ತಂತಿಗಳಲ್ಲಿದ್ದ ರಿಫ್ ಹಾಗೇ ಐದು, ನಾಲ್ಕು, ಮೂರಕ್ಕೆ ಸರಿಯುತ್ತದೆ, ಖಾಲಿ ತಂತಿಯ ಮೊಳಗೂ ಉಳಿಯುತ್ತದೆ. ಎರಡನೇ ತಂತಿಗೆ ದಾಟಿದರೆ ಈ ಲೆಕ್ಕ ಒಂದು ಫ್ರೆಟ್ (ಗಿಟಾರ್ ಕುತ್ತಿಗೆಯ ಒಂದು ಮನೆ) ತಪ್ಪುತ್ತದೆ. ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಶ್ರುತಿ ಏರಿಸುತ್ತದೆ, ಇಳಿಸುವುದಿಲ್ಲ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ (ಶ್ರುತಿ ಏರಿಸಿ ಇಳಿಸುವುದು) ಒತ್ತಿ ಮರೆತರೆ ಮುಂದಿನ ಹಾಡು ಎರಡು ಶ್ರುತಿಯಲ್ಲಿ ಶುರುವಾಗುತ್ತದೆ. ಹಾಡಿಗೊಂದು ಪ್ಯಾಚ್ (ದನಿಯ ಸೆಟ್ಟಿಂಗ್) ಮಾಡಿ ಟ್ರಾನ್ಸ್‌ಪೋಸ್ ಸಮೇತ ಸೇವ್ ಮಾಡಿಡಿ.

ಎರಡು ಗಿಟಾರ್ ಇದ್ದದ್ದು ಒಂದಾದರೆ ಸೋಲೋ ಬಂದಾಗ ಗೊತ್ತಾಗುತ್ತದೆ. ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳು) ನುಡಿಸುವವರೇ ಇಲ್ಲದೆ ಹಾಡು ಟೊಳ್ಳಾಗುತ್ತದೆ. ಆಗ ಗಿಟಾರ್ ವಾಲ್ಯೂಮ್ ಏರಿಸುವುದು ಎಲ್ಲರ ಚಾಳಿ, ಅದರಿಂದ ಹಳ್ಳ ತುಂಬುವುದಿಲ್ಲ. ಬಾಸ್‌ನವರು ಆ ಭಾಗದಲ್ಲಿ ಬಿಡುವಿಲ್ಲದೆ ಕಾರ್ಡ್‌ನ ರೂಟ್ (ಮೂಲ ಸ್ವರ) ಮತ್ತು ಐದನೇ ಸ್ವರ ನುಡಿಸಲಿ, ಸ್ವಲ್ಪ ಓವರ್‌ಡ್ರೈವ್ (ದನಿ ಒರಟಾಗಿಸುವ ಎಫೆಕ್ಟ್) ಬೆರೆಸಲಿ. ಡ್ರಮ್ಮರ್ ಹೈ-ಹ್ಯಾಟ್ (ಜೋಡಿ ತಾಳ) ಬಿಟ್ಟು ಹೆಚ್ಚು ಹೊತ್ತು ಮೊಳಗುವ ರೈಡ್ ತಾಳಕ್ಕೆ ಹೋಗಲಿ. ಹದಿನಾರು ಬಾರ್ (ತಾಳದ ಆವರ್ತ) ಸೋಲೋ ಎಂಟಕ್ಕೆ ಇಳಿದರೆ ನಷ್ಟವೇನಿಲ್ಲ.

ಬಾಸ್ ಇಲ್ಲದೆಯೂ ನಡೆಯುತ್ತದೆ. ಅಮೆರಿಕದ ರಾಕ್ ಬ್ಯಾಂಡ್ ದಿ ಡೋರ್ಸ್ ವೇದಿಕೆಯಲ್ಲಿ ಕೀಬೋರ್ಡ್ ನುಡಿಸುವ ರೇ ಮನ್‌ಝರೆಕ್ ಎಡಗೈಯಲ್ಲಿ ಪಿಯಾನೋ ಬಾಸ್ (ಕೆಳಗಿನ ಸ್ವರಗಳದ್ದೇ ಕೀಬೋರ್ಡ್) ನುಡಿಸುತ್ತಿದ್ದರು. ಆದರೆ ಎಡಗೈಗೆ ಸರಳವಾದ ಸಾಲು ಕೊಡಿ. ಬಲಗೈ ಕಾರ್ಡ್‌ಗಳು ಮಧ್ಯದ 'ಸಿ' ಆಸುಪಾಸಿನಿಂದ ಮೇಲಿರಲಿ, ಕೆಳಗಿಳಿದರೆ ಎರಡೂ ಸೇರಿ ಕಲಸಿಹೋಗುತ್ತವೆ. ಡ್ರಮ್ಮರ್ ಹೋದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಬ್ಯಾಕಿಂಗ್ ಟ್ರ್ಯಾಕ್ ಬಳಸಬಹುದು: ಎಡ ಚಾನೆಲ್‌ನಲ್ಲಿ ಸಂಗೀತ, ಬಲದಲ್ಲಿ ಕ್ಲಿಕ್ (ಲಯ ಹಿಡಿಸುವ ಟಿಕ್ ಟಿಕ್ ಸದ್ದು). ಎಡದ್ದು ಮಿಕ್ಸರ್‌ಗೆ, ಬಲದ್ದು ನುಡಿಸುವವರ ಕಿವಿಗೆ. ಗಾಯಕರು ಒಂದು ಸಾಲು ಹಾರಿಸಿದರೆ ಟ್ರ್ಯಾಕ್ ಕಾಯುವುದಿಲ್ಲ, ಹಾಗಾಗಿ ಪ್ರತಿ ಭಾಗಕ್ಕೆ ಮುಂಚೆ ಕ್ಲಿಕ್ ಚಾನೆಲ್‌ನಲ್ಲಿ "ಪಲ್ಲವಿ", "ಚರಣ" ಅಂತ ದನಿ ರೆಕಾರ್ಡ್ ಮಾಡಿ ಸೇರಿಸಿ.

ಹೊಸಬರು ಬಂದಾಗ ಆಗುವ ಎಡವಟ್ಟು ಬಹುತೇಕ ಒಂದೇ. ಅವರು ಮೂಲ ಹಾಡು ಕೇಳಿ ಕಲಿತಿರುತ್ತಾರೆ. ಬ್ಯಾಂಡ್ ಮಾತ್ರ ಯಾವತ್ತೋ ನಾಲ್ಕು ಬಾರ್ ಸೇರಿಸಿ, ಕೊನೆ ಬದಲಿಸಿ ಅದನ್ನು ಮರೆತೇಬಿಟ್ಟಿರುತ್ತದೆ. ಹಾಡಿಗೊಂದು ಹಾಳೆ ಬರೆದುಕೊಡಿ: ಕೀ, ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ), ಭಾಗಗಳ ಕ್ರಮ, ಶುರು ಮಾಡುವವರು ಯಾರು, ಎಲ್ಲಿ ನಿಲ್ಲುತ್ತೇವೆ, ಮುಗಿಸುವ ಸನ್ನೆ ಯಾರದು. ಜೊತೆಗೆ ನಿಮ್ಮದೇ ಪ್ರಾಕ್ಟೀಸಿನ ರೆಕಾರ್ಡಿಂಗ್. ಫೋನನ್ನು ಡ್ರಮ್ಸ್ ಪಕ್ಕ ಇಡಬೇಡಿ, ಬೇರೇನೂ ಕೇಳಿಸುವುದಿಲ್ಲ. ಬಿಡುವವರು ಸ್ನೇಹದಿಂದಲೇ ಹೊರಟಿದ್ದರೆ ಅವರ ಭಾಗವನ್ನಷ್ಟೇ ಒಂದು ಸಂಜೆ ಕೂರಿಸಿ ರೆಕಾರ್ಡ್ ಮಾಡಿಕೊಳ್ಳಿ. ಪ್ಯಾಚ್‌ಗಳ ಬ್ಯಾಕಪ್, ಬ್ಯಾಂಡ್ ಪೇಜಿನ ಪಾಸ್‌ವರ್ಡ್, ಯಾವ ಹಾಡು ಯಾರು ಬರೆದದ್ದು ಅನ್ನುವ ಬರಹ, ಇವನ್ನೂ ಅದೇ ದಿನ ಪಡೆದುಕೊಳ್ಳಿ.

ಮೊದಲ ಪ್ರಾಕ್ಟೀಸಿನಲ್ಲಿ ಪೂರ್ತಿ ಹಾಡು ಬೇಡ. ಎಂಟು ಹಾಡು ಆರಿಸಿ ಪ್ರತಿಯೊಂದರ ಶುರು, ಭಾಗದಿಂದ ಭಾಗಕ್ಕೆ ದಾಟುವ ಕಡೆ, ಕೊನೆ, ಇಷ್ಟನ್ನೇ ಮತ್ತೆ ಮತ್ತೆ ನುಡಿಸಿ. ಹೊಸಬರನ್ನು ವೇದಿಕೆಯ ಅಂಚಿಗೆ ತಳ್ಳಬೇಡಿ. ಸನ್ನೆ ಕೊಡುವವರು ಅವರಿಗೆ ನೇರ ಕಾಣುವ ಹಾಗೆ ನಿಲ್ಲಿಸಿ.