ನೇತ್ರಾಣಿಗೆ ಹೋಗುವ ಮೊದಲು ಒಂದು ಮಾಸ್ಕ್

ಮಳೆಗಾಲ ಮುಗಿಯುವವರೆಗೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಹೊರಡುವುದಿಲ್ಲ. ಅಷ್ಟರೊಳಗೆ ನನ್ನದೇ ಮಾಸ್ಕ್ ಸಿದ್ಧವಾಗಬೇಕು. ಗಾಳಿಯ ಟ್ಯಾಂಕು, ಅದರಿಂದ ಉಸಿರಾಡಲು ಬಾಯಿಗೆ ಇಟ್ಟುಕೊಳ್ಳುವ ರೆಗ್ಯುಲೇಟರು ಬಾಡಿಗೆಗೆ ಸಿಗುತ್ತವೆ, ಮಾಸ್ಕೂ ಸಿಗುತ್ತದೆ. ಆದರೆ ನನ್ನ ಕಣ್ಣಿನ ಪವರ್ ಮೈನಸ್ 3. ಅಷ್ಟು ದೂರ ಹೋಗಿ ಹವಳದ ಮೀನುಗಳನ್ನು ಮಂಜುಮಂಜಾಗಿ ನೋಡಿ ಬರಲು ನನಗೆ ಮನಸ್ಸಿಲ್ಲ.

ಈಜುವ ಗಾಗಲ್ಸ್ ಸಾಲದೇ ಎಂದು ಮನೆಯಲ್ಲಿ ಕೇಳಿದರು. ಸಾಲದು. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿರುವುದರ ಎರಡರಷ್ಟಾಗುತ್ತದೆ. ಒಳಗಿನ ಗಾಳಿ ಕುಗ್ಗಿ ಗಾಜು ಮುಖವನ್ನು ಹೀರಿ ಹಿಡಿಯುತ್ತದೆ, ಕಣ್ಣಿನ ಸುತ್ತ ರಕ್ತ ಹೆಪ್ಪುಗಟ್ಟುವುದೂ ಉಂಟು. ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಸರಿಹೋಗುತ್ತದೆ, ಅದಕ್ಕೆ ಮೂಗು ಮಾಸ್ಕಿನೊಳಗೇ ಇರಬೇಕು. ಒತ್ತಡಕ್ಕೆ ಕಟ್ಟಿದ ಕಿವಿ ಬಿಡಿಸಿಕೊಳ್ಳಲು ಹೊರಗಿನಿಂದ ಮೂಗು ಹಿಡಿಯಲೂ ಬರಬೇಕು. ಇಡೀ ಮುಖ ಮುಚ್ಚುವ ಸ್ನಾರ್ಕೆಲಿಂಗ್ ಮಾಸ್ಕನ್ನು ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದೆ.

ಬೆಂಗಳೂರಿನ ಅಂಗಡಿಯಲ್ಲಿ ಒಂದೊಂದನ್ನೇ ಹಾಕಿ ನೋಡಿದೆ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಬೇಕು. ಬೀಳದೆ ನಿಂತರೆ ಅಳತೆ ಕೂಡಿದ ಹಾಗೆ. ದುಬಾರಿ ಮಾಸ್ಕೊಂದು ಕೆನ್ನೆಯ ಹತ್ತಿರ ಗಾಳಿ ಬಿಟ್ಟಿತು. ಅದಕ್ಕಿಂತ ಅಗ್ಗದ್ದು ಗಟ್ಟಿಯಾಗಿ ಕೂತಿತು, ಆದರೆ ಮೂಗಿನ ಕೆಳಗೆ ಸಿಲಿಕೋನ್ ಅಂಚು ನನ್ನ ಮೀಸೆಯ ಮೇಲೆ ಕೂತು ಸಣ್ಣಗೆ ಸುಯ್ಯೆನ್ನುತ್ತಿತ್ತು. ಮನೆಗೆ ಬಂದು ಮೀಸೆಯ ಮೇಲಂಚನ್ನು ಒಂದು ಎಳೆಯಷ್ಟು ಬೋಳಿಸಿದ ಮೇಲೆ ಸದ್ದು ನಿಂತಿತು. ಪಟ್ಟಿ ಬಿಗಿದರೆ ಸೋರಿಕೆ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಬಿಗಿದಷ್ಟೂ ಅಂಚು ಮಡಚಿಕೊಂಡು ನೀರು ನುಗ್ಗುತ್ತದೆ.

ಕಣ್ಣಿಗೊಂದರಂತೆ ಎರಡು ಗಾಜಿರುವ ಆ ಅಗ್ಗದ್ದನ್ನೇ ತೆಗೆದುಕೊಂಡಿದ್ದೆ. ಇಂಥ ಕೆಲವು ಮಾಸ್ಕುಗಳಿಗೆ ಪವರ್ ಗಾಜು ಸಿದ್ಧವಾಗಿಯೇ ಸಿಗುತ್ತದೆ, ಸಾಮಾನ್ಯವಾಗಿ ಅರ್ಧರ್ಧ ಪವರಿನ ಅಂತರದಲ್ಲಿ. ಸಿಲಿಂಡರ್ ಪವರ್ (ಕಣ್ಣಿನ ವಕ್ರತೆ ಸಮವಿಲ್ಲದವರ ಪವರ್) ಇದ್ದವರು ಬೇರೆಯಾಗಿ ಮಾಡಿಸಬೇಕಾಗುತ್ತದೆ, ನನಗೆ ಆ ತೊಂದರೆ ಇಲ್ಲ. ಗಾಜು ಟೆಂಪರ್ಡ್, ಅಂದರೆ ಗಟ್ಟಿಗೊಳಿಸಿದ್ದು, ಎಂದು ಅಂಚಿನಲ್ಲಿ ಅಚ್ಚಾಗಿದೆಯೇ ಎಂದೂ ನೋಡಿಕೊಂಡೆ. ಸಿಲಿಕೋನ್ ಅಂಚಿನ ಬಣ್ಣ ಕಪ್ಪು. ಪಾರದರ್ಶಕವಾದರೆ ಪಕ್ಕದಿಂದ ಬೆಳಕು ಬಂದು ಗಾಜಿನ ಒಳಗೆ ಮಿನುಗುತ್ತದೆ. ಕಪ್ಪಿನಲ್ಲಿ ಕಟ್ಟಿಹಾಕಿದಂತಾಗುತ್ತದೆ ಎನ್ನುವವರಿದ್ದಾರೆ, ನನಗೆ ಹಾಗೆ ಅನ್ನಿಸಲಿಲ್ಲ.

ಈಗ ಗಾಜು ತಿಕ್ಕುವ ಕೆಲಸ ನಡೆದಿದೆ. ಹೊಸ ಗಾಜಿನ ಒಳಗೆ ತಯಾರಿಕೆಯ ಜಿಡ್ಡು ಉಳಿದಿರುತ್ತದೆ, ಅದೇ ಮಂಜು ಕಟ್ಟಲು ಕಾರಣ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಉಜ್ಜಿ ತೊಳೆದೆ. ಉಸಿರು ಬಿಟ್ಟು ನೋಡಿದರೆ ಎಡಗಾಜು ತಿಳಿಯಾಗಿದೆ, ಬಲಗಾಜಿನ ಮೂಲೆಯಲ್ಲಿ ಇನ್ನೂ ಮಬ್ಬಿದೆ, ಇನ್ನೊಮ್ಮೆ ಉಜ್ಜಬೇಕು.

ಮುಂದಿನ ವಾರ ಈಜುಕೊಳ. ಮಾಸ್ಕಿಗೆ ಬೇಕೆಂದೇ ಅರ್ಧ ನೀರು ತುಂಬಿಸಿಕೊಂಡು, ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಊದಿ ಹೊರಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಆ ಹೊತ್ತಿಗೆ ಪವರ್ ಗಾಜೂ ಬಂದಿರುತ್ತದೆ.