ಪಡುವಣ ಕಿಟಕಿಯ ನೀರು

ಮಂಗಳೂರಿನ ಈ ಐದನೆಯ ಮಹಡಿಯ ಮನೆಯನ್ನು ಕೊಳ್ಳುವಾಗ ನಮ್ಮ ಮನಸ್ಸನ್ನು ಸೆಳೆದದ್ದು ಮಲಗುವ ಕೋಣೆಯ ಪಡುವಣ ಕಿಟಕಿ. ತೆಂಗಿನ ತೋಟಗಳ ಆಚೆ ಸಮುದ್ರದ ತೆಳುವಾದ ಗೆರೆಯೊಂದು ಅದರಿಂದ ಕಾಣುತ್ತದೆ. ಮುಂಗಾರಿನ ಗಾಳಿ ಬೀಸಿ ಬರುವುದೂ ಅದೇ ದಿಕ್ಕಿನಿಂದ ಎಂಬುದನ್ನು ಮಾತ್ರ ಆಗ ಯೋಚಿಸಿರಲಿಲ್ಲ. ಮೊದಲ ಎರಡು ಮಳೆಗಾಲಗಳಲ್ಲಿ ಕಿಟಕಿಯ ಕೆಳಗಿನ ಗ್ರಾನೈಟ್ ಕಲ್ಲಿನ ಮೇಲೆ ಒಂದಿಷ್ಟು ಎರಚಲು ಬೀಳುತ್ತಿತ್ತು, ಒರೆಸಿದರೆ ಮುಗಿಯುತ್ತಿತ್ತು. ಮೂರನೆಯ ವರ್ಷ, ಪುನರ್ವಸು ಮಳೆಯ ಒಂದು ರಾತ್ರಿ, ಆ ಕೋಣೆಯಲ್ಲಿ ಮಲಗಿದ್ದ ಅಮ್ಮ ನನ್ನನ್ನು ಕೂಗಿ ಎಬ್ಬಿಸಿದರು. ಅವರ ಹಾಸಿಗೆಯ ಅಂಚು ತೊಯ್ದಿತ್ತು.

ಹಿಂದಿನ ಸಂಜೆ ಜಿಲ್ಲೆಗೆ ಆರೆಂಜ್ ಅಲರ್ಟ್ ಘೋಷಣೆಯಾಗಿತ್ತು. 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ ಎಂದು ಓದುವಾಗ ಅದೊಂದು ಅಂಕಿಯಾಗಿ ಮಾತ್ರ ಕಂಡಿತ್ತು. ಒಂದು ಚದರ ಮೀಟರ್ ಜಾಗದ ಮೇಲೆ 115 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ ಎಂಬ ಅದರ ಅರ್ಥ ನನಗೆ ಹೊಳೆದದ್ದು, ಬರಿಗಾಲಿನಲ್ಲಿ ಆ ನೀರಿನೊಳಗೆ ನಿಂತಾಗ. ಕಿಟಕಿಯ ಕೆಳಗೇ ಪ್ಲಗ್ ಪಾಯಿಂಟ್ ಇದ್ದುದರಿಂದ ಮೊದಲು ಹೊರಗಿನ ಪೆಟ್ಟಿಗೆಯಲ್ಲಿ ಆ ಕೋಣೆಯ ಕರೆಂಟನ್ನು ಆರಿಸಿ, ಬಳಿಕ ಟಾರ್ಚ್ ಹಿಡಿದು ನೋಡಿದೆ. ಗೋಡೆಯಲ್ಲಿ ಬಿರುಕಿರಲಿಲ್ಲ, ಗಾಜೂ ಸರಿಯಾಗಿಯೇ ಇತ್ತು. ಸ್ಲೈಡಿಂಗ್ ಕಿಟಕಿ ಜಾರುವ ಅಲ್ಯೂಮಿನಿಯಂ ಟ್ರ್ಯಾಕ್ ಮಾತ್ರ ಅಂಚಿನವರೆಗೆ ತುಂಬಿತ್ತು; ಗಾಳಿ ಬಡಿದಾಗಲೆಲ್ಲ ಅದರೊಳಗಿನ ನೀರು ಗುಳುಗುಳು ಎಂದು ಕುದಿದಂತಾಗಿ ಒಳಗಿನ ಅಂಚನ್ನು ದಾಟಿ ಗೋಡೆಯುದ್ದಕ್ಕೂ ಇಳಿಯುತ್ತಿತ್ತು.

ಟವೆಲುಗಳನ್ನು ಒತ್ತಿಟ್ಟೆ. ಒಂದನ್ನು ಹಿಂಡುವಷ್ಟರಲ್ಲಿ ಇನ್ನೊಂದು ತೊಟ್ಟಿಕ್ಕುತ್ತಿತ್ತು. ಅಪ್ಪನ ಹಳೆಯ ಪಂಚೆಯೊಂದನ್ನು ಅಮ್ಮ ಉದ್ದಕ್ಕೆ ಹರಿದು, ಹಗ್ಗದಂತೆ ಹೊಸೆದು, ನೀರಿನಲ್ಲಿ ಅದ್ದಿ, ಒಂದು ತುದಿಯನ್ನು ಟ್ರ್ಯಾಕಿನೊಳಗೆ ಮಲಗಿಸಿ ಇನ್ನೊಂದನ್ನು ಕೆಳಗಿನ ಬಕೆಟ್ಟಿಗೆ ಇಳಿಬಿಟ್ಟರು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ಬಟ್ಟೆ ನೀರನ್ನು ಎಳೆದುಕೊಂಡಿತು. ಹೊರತುದಿ ಟ್ರ್ಯಾಕಿಗಿಂತ ಕೆಳಗಿದ್ದುದರಿಂದ ಹರಿವು ನಿಲ್ಲಲಿಲ್ಲ. ಅಂಥ ನಾಲ್ಕು ಬತ್ತಿಗಳನ್ನು ಇಟ್ಟ ಮೇಲೆ ನೆಲಕ್ಕೆ ಇಳಿಯುವ ನೀರು ಬಹುಮಟ್ಟಿಗೆ ನಿಂತಿತು. ಬೆಳಗಿನವರೆಗೆ ಬಕೆಟ್ ಬದಲಿಸುತ್ತ ಇಬ್ಬರೂ ಕುಳಿತಿದ್ದೆವು.

"ಗಾಳಿ ಬರೋ ಕಡೆಗೆ ಜಡಿ ಕಟ್ಟದೇ ಇದ್ರೆ ನೀರು ಒಳಗೆ ಬರದೆ ಮತ್ತೇನ್ ಮಾಡ್ತದೆ?" ಎಂದರು ಅಮ್ಮ. ತೀರ್ಥಹಳ್ಳಿಯ ಕಡೆಯ ಅವರ ತವರುಮನೆಯಲ್ಲಿ ಮೃಗಶಿರ ಮಳೆ ಹಿಡಿಯುವ ಮೊದಲೇ ಅಡಿಕೆಯ ಸೋಗೆಯನ್ನು ಅಡ್ಡಗಳಕ್ಕೆ ಕಟ್ಟಿ, ಮಣ್ಣಿನ ಗೋಡೆಗೆ ಎರಚಲು ತಾಗದಂತೆ ಇಳಿಬಿಡುತ್ತಿದ್ದರು; ಅದೇ ಜಡಿ. ಮಳೆಗಾಲದುದ್ದಕ್ಕೂ ಜಗಲಿ ಕತ್ತಲಾಗಿರುತ್ತಿತ್ತು, ಗೋಡೆ ಉಳಿಯುತ್ತಿತ್ತು. ಗೋಡೆಗೂ ಮಳೆಗೂ ನಡುವೆ ಒಂದು ತಡೆ ಬೇಕೆಂಬ ಆ ತಿಳಿವಳಿಕೆ ನಮ್ಮ ಕಟ್ಟಡದ ಒಂದು ಗೇಣಿನ ಸಜ್ಜಾದಲ್ಲಿ ಕಾಣುವುದಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

ಮಳೆ ಬಿಡುವು ಕೊಟ್ಟ ನಾಲ್ಕನೆಯ ದಿನ ಅಲ್ಯೂಮಿನಿಯಂ ಕೆಲಸದವರು ಬಂದರು. ಅವರು ಟ್ರ್ಯಾಕಿನ ಹೊರಮೈಯನ್ನು ಬೆರಳಿನಿಂದ ಸವರಿ, "ನೀರು ಹೋಗುವ ತೂತು ಮುಚ್ಚಿದ್ದು ಯಾರು?" ಎಂದು ಕೇಳಿದರು. ಮುಚ್ಚಿಸಿದ್ದು ನಾನೇ. ಮಾರ್ಚಿನಲ್ಲಿ ಬಣ್ಣ ಹೊಡೆಸುವಾಗ ಇರುವೆ ಬರುತ್ತದೆಂದು ಆ ಸಣ್ಣ ತೂತುಗಳಿಗೆಲ್ಲ ಸಿಲಿಕೋನ್ ತುಂಬಿಸಿದ್ದೆ. ಸ್ಲೈಡಿಂಗ್ ಕಿಟಕಿಯೊಳಗೆ ಸ್ವಲ್ಪ ನೀರು ಬಂದೇ ಬರುತ್ತದೆ, ಬಂದದ್ದು ಹೊರಗೆ ಹೋಗಲಿ ಎಂದೇ ಅವನ್ನು ಇಟ್ಟಿರುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಸುಮಾರು 14 ಮಿಲಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. ಅಂಥ ಗಾಳಿಯಲ್ಲಿ ತೂತು ತೆರೆದಿದ್ದರೂ ಟ್ರ್ಯಾಕಿನಲ್ಲಿ ಅಷ್ಟು ನೀರು ನಿಲ್ಲಬಹುದು. ನಮ್ಮದರಲ್ಲಿ ಗಾಳಿ ತಗ್ಗಿದಾಗಲೂ ಅದಕ್ಕೆ ಹೊರದಾರಿ ಇರಲಿಲ್ಲ.

ತೂತುಗಳನ್ನು ಡ್ರಿಲ್‌ನಿಂದ ಬಿಡಿಸಿಕೊಟ್ಟ ಅವರು ಚೌಕಟ್ಟಿನ ಸುತ್ತಲಿನ ಸಂದನ್ನು ಮಾತ್ರ ಆಗ ಮುಟ್ಟಲಿಲ್ಲ. ಒದ್ದೆ ಗೋಡೆಗೆ ಸಿಲಿಕೋನ್ ಹಿಡಿಯುವುದಿಲ್ಲ, ಗೋಡೆ ಒಣಗಲಿ ಎಂದರು. ಅಲ್ಲಿಯವರೆಗೆ ಹೊರಗಿನ ಗ್ರಿಲ್ಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ನೀರು ಜಾರಿಹೋಗಲು ಕೆಳಗೆ ತೆರೆದು ಬಿಟ್ಟೆವು. ಅಮ್ಮ ಅದನ್ನು ಜಡಿ ಎಂದೇ ಕರೆದರು. ನವೆಂಬರಿನಲ್ಲಿ ಅದೇ ಕೆಲಸದವರು ಬಂದು ಹಳೆಯ ಸಿಲಿಕೋನನ್ನು ಕೆತ್ತಿ ತೆಗೆದು, ಹುಳಿ ವಾಸನೆಯ ಅಗ್ಗದ ಬಗೆ ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲವೆಂದು ನ್ಯೂಟ್ರಲ್ ಸಿಲಿಕೋನನ್ನು ಹಚ್ಚಿದರು.

ಈ ವರ್ಷ ಮೇ ಕೊನೆಯ ವಾರದಲ್ಲಿ ಹಿಡಿಕಡ್ಡಿಯಿಂದ ಪ್ರತಿ ತೂತಿನ ಧೂಳನ್ನೂ ಬಿಡಿಸಿ, ಟ್ರ್ಯಾಕಿಗೆ ಒಂದು ಚೊಂಬು ನೀರು ಸುರಿದೆ. ಗ್ರಿಲ್ಲಿಗೆ ಹಣೆ ಒತ್ತಿ ಹೊರಗೋಡೆಯನ್ನೇ ನೋಡುತ್ತಿದ್ದ ಅಮ್ಮ, "ಮೂರರಲ್ಲಿ ಬಂತು, ಕೊನೇದರಲ್ಲಿ ಇನ್ನೂ ಇಲ್ಲ" ಎಂದರು. ನಾನು ಮತ್ತೆ ಕಡ್ಡಿ ಕೈಗೆತ್ತಿಕೊಂಡೆ.